ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಜಪಸರ

ಜಪಸರ ಅಂದ್ರೆ ಕಥೋಲಿಕರು ಮಣಿ ಎಣಿಸ್ತಾ ಮಾಡೋ ಪ್ರಾರ್ಥನೆ. ಒಂದು ಜಪಸರಕ್ಕೆ ಐದು ರಹಸ್ಯ, ಅಂದ್ರೆ ಯೇಸು-ಮರಿಯಮ್ಮನ ಬದುಕಿನ ಐದು ಘಟನೆಗಳ ಧ್ಯಾನ, ಸುಮಾರು 20 ನಿಮಿಷ. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾಟೋಕೆ ಅದಕ್ಕಿಂತ ಜಾಸ್ತಿ ಬೇಕು ಬಿಡಿ! "ಗಿಳಿಪಾಠ ಒಪ್ಪಿಸಿದ್ರೆ ಏನ್ ಬಂತು?" ಅಂತಾನೆ ಆಫೀಸಿನ ಗೆಳೆಯ. ನನಗೆ ಹಾಗನ್ಸಲ್ಲ. ಸಂಜೆ ತಲೆ ಚಿಟ್ಟು ಹಿಡಿದಿರುವಾಗ ದೇವರ ಹತ್ರ ಮಾತಾಡೋಕೆ ಸ್ವಂತ ಪದ ಎಲ್ಲಿ ಹುಟ್ಟುತ್ತೆ? ಅಜ್ಜಿ ಬಾಯಿಪಾಠ ಮಾಡಿಸಿದ್ದೇ ಕೈಹಿಡಿಯೋದು. ಬಸ್ಸಲ್ಲಿ ಒಂದು ಕೈ ಕಂಬಿ ಮೇಲೆ, ಇನ್ನೊಂದು ಜೇಬಲ್ಲಿ. ಮಣಿಗಳು ಒಂದೊಂದಾಗಿ ಬೆರಳಿಗೆ ಸಿಗ್ತಾ ಹೋಗ್ತವೆ. ಮರಿಯಮ್ಮನ ಪ್ರಾರ್ಥನೆ 'ನಮೋ ಮರಿಯಾ' ಮಧ್ಯೆ ಮನಸ್ಸು ಇಎಂಐ ಕಡೆ ಓಡುತ್ತೆ. ಅಷ್ಟರಲ್ಲಿ ಯೇಸು ಕಲಿಸಿದ ಪರಲೋಕ ಮಂತ್ರದ ಮಣಿ: ಅನುದಿನದ ಆಹಾರ ಇಂದು ಕೊಡಿ. ಇವತ್ತಿಗೆ ಮಾತ್ರ! ಅದನ್ನ ಕೇಳ್ತಿರೋನು 20 ವರ್ಷದ ಸಾಲ ಹೊತ್ತೋನು.

ಅಂದಹಾಗೆ ಇವತ್ತು ಮಂಗಳವಾರ, ದುಃಖದ ರಹಸ್ಯಗಳು, ಅಂದ್ರೆ ಯೇಸುವಿನ ಯಾತನೆ-ಮರಣದ ಧ್ಯಾನ. ಈ ಟ್ರಾಫಿಕ್‌ಗೆ ಸರಿಯಾಗೇ ಇದೆ.