ಫ್ರೇಸೋ ಕ್ಲಾಝೋ: ಕಾಲ ಬದಲಿಸಿ ನೋಡಿ

ಶಿರಸಿ, ಕುಮಟಾ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಹೇಳಿಕೊಡುವ ನಮಗೆ ಮತ್ತೆ ಮತ್ತೆ ಎದುರಾಗುವ ತೊಡಕು ಇದು: ಒಂದು ಪದಗುಂಪು ಫ್ರೇಸೋ (ಪದಪುಂಜ) ಕ್ಲಾಝೋ (ಉಪವಾಕ್ಯ) ಎಂಬುದನ್ನು ಮಕ್ಕಳು ಉದ್ದ ನೋಡಿ ತೀರ್ಮಾನಿಸುತ್ತಾರೆ. 'ಶಿ ಸ್ಲೆಪ್ಟ್' ಎರಡೇ ಪದ, ಆದರೆ ಅದು ಕ್ಲಾಝ್. 'ಇನ್ ದಿ ಓಲ್ಡ್ ಹೌಸ್ ಬಿಹೈಂಡ್ ದ ಮಾರಿಕಾಂಬಾ ಟೆಂಪಲ್' ಎಂಟು ಪದವಿದ್ದರೂ ಫ್ರೇಸೇ. ಕರ್ತೃ ಇರಬೇಕು, ಕಾಲ ತೋರಿಸುವ ಕ್ರಿಯಾಪದವೂ ಇರಬೇಕು. ಆಗ ಮಾತ್ರ ಕ್ಲಾಝ್.

ಈ ಎರಡನೆಯ ಷರತ್ತು ಮಕ್ಕಳ ತಲೆಗೆ ಹೋಗದಿರಲು ಕಾರಣ ಕನ್ನಡದಲ್ಲೇ ಇದೆ. 'ಮಳೆ ನಿಂತ ಮೇಲೆ ಅಡಿಕೆ ಒಣಗಿಸಿದರು' ಅನ್ನುತ್ತೇವೆ. 'ನಿಂತ' ಕೃದಂತ, ಅಂದರೆ ತಾನೇ ವಾಕ್ಯ ಮುಗಿಸಲಾರದ ಕ್ರಿಯಾರೂಪ. ನಾನು ನಿಂತ ಮೇಲೆ, ಅವರು ನಿಂತ ಮೇಲೆ, ಯಾರಿಗೂ ಅದು ಬದಲಾಗುವುದಿಲ್ಲ. 'ಒಣಗಿಸಿದರು' ಥರದ ಪೂರ್ಣ ಕ್ರಿಯಾಪದ ಕೊನೆಯಲ್ಲಿ ಒಂದಿದ್ದರೆ ನಮಗೆ ಸಾಕು. ಇಂಗ್ಲಿಷ್ ಅಲ್ಲಿ 'ಆಫ್ಟರ್ ದ ರೇನ್ ಸ್ಟಾಪ್ಡ್' ಎಂದು ಇನ್ನೊಂದು ಪೂರ್ಣ ಕ್ರಿಯಾಪದ ಕೇಳುತ್ತದೆ. ಮಕ್ಕಳು 'ಆಫ್ಟರ್ ದ ರೇನ್ ಸ್ಟಾಪಿಂಗ್' ಎಂದು ಬರೆಯುವುದು ಇದರಿಂದಲೇ. ಅದು ಅಜಾಗ್ರತೆ ಅಲ್ಲ, ಬರೇ ಕೆಂಪು ಗೀಟು ಹಾಕಿ ಬಿಟ್ಟರೆ ಸರಿಹೋಗುವುದೂ ಇಲ್ಲ.

ಪರೀಕ್ಷೆ ಹೀಗೆ. ಕ್ರಿಯಾಪದದ ಹಾಗೆ ಕಾಣುವ ಎಲ್ಲ ಪದಗಳಿಗೂ ಅಡಿಗೆರೆ ಎಳೆಸಿ. ನಿನ್ನೆ ನಡೆದದ್ದನ್ನು ಹೇಳುವ ವಾಕ್ಯವನ್ನು ದಿನನಿತ್ಯ ನಡೆಯುವುದನ್ನು ಹೇಳುವ ವಾಕ್ಯ ಮಾಡಿಸಿ. ರೂಪ ಬದಲಾದದ್ದೇ ಕಾಲ ತೋರಿಸುವ ಕ್ರಿಯಾಪದ. 'ದ ಬೋಟ್ಸ್ ಆ್ಯಂಕರ್ಡ್ ಅಟ್ ಬೈತಖೋಲ್ ಲೆಫ್ಟ್ ಅಟ್ ಡಾನ್' ತೆಗೆದುಕೊಳ್ಳಿ. 'ಲೆಫ್ಟ್' ಹೋಗಿ 'ಲೀವ್' ಬಂತು, 'ಆ್ಯಂಕರ್ಡ್' ಅಲ್ಲೇ ಉಳಿಯಿತು. ಹಾಗಾಗಿ 'ಆ್ಯಂಕರ್ಡ್ ಅಟ್ ಬೈತಖೋಲ್' ಫ್ರೇಸ್. 'ದ್ಯಾಟ್ ವರ್ ಆ್ಯಂಕರ್ಡ್' ಎಂದಿದ್ದರೆ 'ವರ್' ಹೋಗಿ 'ಆರ್' ಆಗುತ್ತಿತ್ತು, ಅದು ಕ್ಲಾಝ್. ಎರಡೂ ಕಾಲದಲ್ಲಿ ಒಂದೇ ಥರ ಇರುವ 'ಕಟ್', 'ಪುಟ್' ಬಂದಾಗ ಕರ್ತೃವಿನ ಜಾಗದಲ್ಲಿ 'ಹಿ' ಇಡಿಸಿ, 'ಕಟ್ಸ್' ಆಗುತ್ತದೋ ನೋಡಿ. 'ಮಸ್ಟ್' ಬದಲಾಗುವುದೇ ಇಲ್ಲ, ಆದರೂ ಅದನ್ನು ಪೂರ್ಣ ಕ್ರಿಯಾಪದವೆಂದೇ ಎಣಿಸಬೇಕು. ಇದನ್ನು ಮೊದಲೇ ಹೇಳಿಬಿಡಿ.

ಮೊದಲ ಪದ ನೋಡಿ ಹೇಳುವುದೂ ಅಪಾಯ. 'ಆಫ್ಟರ್', 'ಬಿಫೋರ್', 'ಅಂಟಿಲ್', 'ಸಿನ್ಸ್' ಎರಡೂ ಕಡೆ ಬರುತ್ತವೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದು ಕಾರವಾರದ ಮಕ್ಕಳಿಗೆ ಗೊತ್ತೇ ಇದೆ, ಅದನ್ನೇ ಬಳಸಿ. 'ಅಂಟಿಲ್ ದಿ ಎಂಡ್ ಆಫ್ ದ ಬ್ಯಾನ್' ಫ್ರೇಸ್, 'ಅಂಟಿಲ್ ದ ಬ್ಯಾನ್ ಎಂಡ್ಸ್' ಕ್ಲಾಝ್. ಇದರ ಜೊತೆಗೇ 'ಬಿಕಾಸ್ ಆಫ್' ಮತ್ತು 'ಬಿಕಾಸ್', 'ಡ್ಯೂರಿಂಗ್' ಮತ್ತು 'ವೈಲ್', 'ಡಿಸ್ಪೈಟ್' ಮತ್ತು 'ಆಲ್ದೋ' ಜೋಡಿಗಳನ್ನು ಬರೆಸಿ. ಪ್ರತಿ ಜೋಡಿಯಲ್ಲೂ ಮೊದಲನೆಯದರ ಮುಂದೆ ನಾಮಪದ, ಎರಡನೆಯದರ ಮುಂದೆ ಕ್ಲಾಝ್.

'ಓಪನ್ ದ ಡೋರ್'ನಲ್ಲಿ ಕರ್ತೃ ಕಾಣದಿದ್ದರೂ 'ಯು' ಒಳಗಿದೆ, ಆದ್ದರಿಂದ ಕ್ಲಾಝ್.

'ದ ರೇನ್ ಹ್ಯಾವಿಂಗ್ ಸ್ಟಾಪ್ಡ್' ಥರದ್ದನ್ನು ಶಾಲಾ ವ್ಯಾಕರಣ ಫ್ರೇಸ್ ಎಂದೇ ಎಣಿಸುತ್ತದೆ, ಆಧುನಿಕ ವ್ಯಾಕರಣಗಳು ಕಾಲ ತೋರಿಸದ ಕ್ಲಾಝ್ ಎನ್ನುತ್ತವೆ. ಹತ್ತನೇ ತರಗತಿಯವರೆಗೆ ಶಾಲಾ ನಿಯಮವನ್ನೇ ಹಿಡಿಯುವುದು ಒಳ್ಳೆಯದು. ಯಾರಾದರೂ ಕೇಳಿದರೆ ಮಾತ್ರ ಎರಡನೆಯದನ್ನು ಮುಚ್ಚಿಡದೆ ಹೇಳಿ.