ಬ್ಯೂಮಾರಿಸ್: ಎರಡು ಸುತ್ತುಗೋಡೆಗಳ ನಡುವೆ

ಬ್ಯಾಂಗರ್‌ನಲ್ಲಿ ಹತ್ತಿದ ಬಸ್ಸು ಮೆನಾಯ್ ಜಲಸಂಧಿಯನ್ನು ದಾಟಿ ಆಂಗ್ಲ್‌ಸೀ ದ್ವೀಪದ ದಡ ಹಿಡಿದು ಬ್ಯೂಮಾರಿಸ್ ಊರಿಗೆ ತಲುಪಿಸುತ್ತದೆ. ವೇಲ್ಸ್‌ನ ಹಾರ್ಲೆಕ್, ಕಾನ್ವಿ ಕೋಟೆಗಳನ್ನು ನೋಡಿ ಬಂದವರ ಕಣ್ಣು ಇಲ್ಲಿಯೂ ಕೋಟೆಯ ಬುಡದ ಬಂಡೆಯನ್ನೇ ಹುಡುಕುತ್ತದೆ. ಇಲ್ಲಿರುವುದು ಸಮುದ್ರದ ಪಕ್ಕದ ಸಪಾಟು ಜೌಗುನೆಲ. ವೇಲ್ಸ್ ನಾಯಕ ಮಡೋಗ್ ಆಪ್ ಲೆವೆಲಿನ್‌ನ ದಂಗೆಯ ಬಳಿಕ, 1295ರಲ್ಲಿ, ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಇಲ್ಲಿ ಕೋಟೆ ಕಟ್ಟಿಸತೊಡಗಿದ. ಬೆಟ್ಟದ ಆಸರೆಯಿಲ್ಲದ ಕೊರತೆಯನ್ನೆಲ್ಲ ಅವನ ಮೇಸ್ತ್ರಿ ಜೇಮ್ಸ್ ಆಫ್ ಸೇಂಟ್ ಜಾರ್ಜ್ ಗೋಡೆಗಳಿಂದಲೇ ತುಂಬಬೇಕಾಯಿತು.

ಕಂದಕ ದಾಟಿ ಸಮುದ್ರದ ಕಡೆಯ ಬಾಗಿಲನ್ನು ಹೊಕ್ಕೆ. ಪಕ್ಕದಲ್ಲೇ ಹಡಗುಗಳು ಬಂದು ನಿಲ್ಲುತ್ತಿದ್ದ ಕಟ್ಟೆಯಿದೆ; ಮುತ್ತಿಗೆಯ ಕಾಲದಲ್ಲೂ ದವಸಧಾನ್ಯ ನೀರಿನ ಮೇಲೆ ಬರಲಿ ಎಂಬ ಏರ್ಪಾಡು. ಹೊರಬಾಗಿಲು, ಒಳಬಾಗಿಲು ನೇರಕ್ಕೆ ನೇರ ಇಲ್ಲ. ಮೊದಲನೆಯದನ್ನು ಮುರಿದು ನುಗ್ಗಿದವನು ಓರೆಯಾಗಿ ತಿರುಗಬೇಕು, ತಿರುಗುವಾಗ ಬಾಣಗಳಿಗೆ ಮೈಯೊಡ್ಡಬೇಕು.

ಬಹುತೇಕ ಪ್ರವಾಸಿಗರು ಇಲ್ಲಿಂದ ನೇರವಾಗಿ ಒಳ ಅಂಗಳಕ್ಕೆ ಧಾವಿಸುತ್ತಾರೆ. ನನಗೆ ಹಿಡಿಸಿದ್ದು ಎರಡು ಸುತ್ತುಗೋಡೆಗಳ ನಡುವಿನ ಹುಲ್ಲಿನ ಪಟ್ಟಿ. ಸುಮಾರು 18 ಮೀಟರ್ ಅಗಲ. ಮೇಲ್ನೋಟಕ್ಕೆ ವಾಯುವಿಹಾರದ ಜಾಗ. ಎಂಟು ಮುಖದ ಹೊರಗೋಡೆ ತಗ್ಗು, ಒಳಗೋಡೆ ಎತ್ತರ: ಸುಮಾರು 11 ಮೀಟರ್, ದಪ್ಪ 4.7 ಮೀಟರ್. ಹೀಗಾಗಿ ಒಳಗೋಡೆಯ ಬಿಲ್ಲುಗಾರರು ಹೊರಗೋಡೆಯಲ್ಲಿ ನಿಂತ ತಮ್ಮವರ ತಲೆಯ ಮೇಲಿಂದಲೇ ಬಾಣ ಬಿಡಬಹುದಿತ್ತು. ಹೊರಗೋಡೆ ಕೈಬಿಟ್ಟರೂ ಗೆದ್ದವನಿಗೆ ಸಿಗುವುದು ಈ ಬಯಲು ಮಾತ್ರ. ಮರೆಗೆ ಒಂದು ಮೂಲೆಯೂ ಇಲ್ಲ. ನೆಲಮಟ್ಟದ ಹಲವು ಬಾಣದ ಕಂಡಿಗಳನ್ನು ಮುಂದೆ ಕಲ್ಲಿಟ್ಟು ಮುಚ್ಚಿದ್ದಾರೆ, ಶತ್ರುವಿಗೇ ಉಪಯೋಗವಾಗದಿರಲಿ ಎಂದು.

ಒಳಗೋಡೆಯ ದಪ್ಪದೊಳಗೇ ಕಿರಿದಾದ ಓಣಿಗಳಿವೆ. ಒದ್ದೆ ಕಲ್ಲನ್ನು ಸವರುತ್ತ ನಡೆದು ಅಂಗಳಕ್ಕಿಳಿದರೆ ವಿಚಿತ್ರವಾದ ಖಾಲಿತನ. ಉತ್ತರದ ಹೆಬ್ಬಾಗಿಲಿನ ಕಟ್ಟಡ ಅರಮನೆಯಾಗಬೇಕಿತ್ತು, ಮೊದಲ ಮಹಡಿಗೇ ನಿಂತಿದೆ. ಬುರುಜುಗಳೂ ಉದ್ದೇಶಿಸಿದ ಎತ್ತರಕ್ಕೆ ಏರಲೇ ಇಲ್ಲ. 1296ರಲ್ಲಿ ಜೇಮ್ಸ್ ಖಜಾನೆಗೆ ಬರೆದ ಪತ್ರ ಉಳಿದಿದೆ: 400 ಕಲ್ಲುಕುಟಿಗರು, 2000 ಕೂಲಿಗಳು, ಗಣಿಯಲ್ಲಿ 200 ಮಂದಿ ಬೇಕು, ದುಡ್ಡು ಕಳಿಸಿ ಎನ್ನುತ್ತಾನೆ. ಗುತ್ತಿಗೆಯ ಕಷ್ಟ ಆಗಲೂ ಇದ್ದದ್ದೇ! ದುಡ್ಡು ಸ್ಕಾಟ್ಲೆಂಡಿನ ಯುದ್ಧದ ಪಾಲಾಯಿತು. ಸುಮಾರು 15,000 ಪೌಂಡು ನುಂಗಿದ ಕೆಲಸ 1330ರ ಹೊತ್ತಿಗೆ ಪೂರ್ತಿ ನಿಂತಿತು.

ಇಷ್ಟೆಲ್ಲ ಲೆಕ್ಕ ಹಾಕಿ ಎಬ್ಬಿಸಿದ ಕೋಟೆ 1403ರಲ್ಲಿ ವೇಲ್ಸ್ ನಾಯಕ ಒವೈನ್ ಗ್ಲಿಂಡೂರ್‌ನ ದಂಗೆಕೋರರ ವಶವಾಯಿತು. ಇಂಗ್ಲಿಷರಿಗೆ ಅದು ಮರಳಿ ದಕ್ಕಿದ್ದು 1405ರಲ್ಲಿ.