ಹಳೆ ಗೋವೆಯಲ್ಲಿ ಶ್ರಮೆಯ ವಾರ

ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆಯವರು 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆಸಿದ ಮೇಲೆ ಬೆಳೆದ ಸಭೆಗಳಲ್ಲೊಂದು ನಮ್ಮದು. ನಮ್ಮ ದೇವಾಲಯದ ಪೀಠದ ಹಿಂದೆ ಇರುವುದು ಬರಿಯ ಮರದ ಶಿಲುಬೆ. ಕರ್ತನು ಎದ್ದಿದ್ದಾನೆ, ಆದಕಾರಣ ಶಿಲುಬೆಯ ಮೇಲೆ ದೇಹವಿಲ್ಲ ಎಂದು ನಮಗೆ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದರು. ಹಾಗೆ ಬೆಳೆದವನು 2025ರ ಶ್ರಮೆಯ ವಾರವನ್ನು, ಎಂದರೆ ಈಸ್ಟರಿಗೆ ಮುಂಚಿನ ವಾರವನ್ನು, ಗೋವೆಯಲ್ಲಿ ಕಳೆಯಲು ಹೊರಟಾಗ, ಅಲ್ಲಿಯ ಕಥೋಲಿಕರ ಚರ್ಚುಗಳಲ್ಲಿ ನೋಡಲಿಕ್ಕಿರುವುದೆಲ್ಲ ದೇಹಗಳೇ ಎಂಬುದು ನನಗೆ ಗೊತ್ತಿತ್ತು. ಬೆಳ್ಳಿಯ ಪೆಟ್ಟಿಗೆಯಲ್ಲಿ ಇಟ್ಟಿರುವ ಸಂತನ ದೇಹ, ಚಟ್ಟದ ಮೇಲೆ ಮಲಗಿಸಿ ಹೊತ್ತು ನಡೆಯುವ ಕ್ರಿಸ್ತನ ಪ್ರತಿಮೆ. ಇವುಗಳ ನಡುವೆ ನಿಂತು, ದೇಹವೇ ಸಿಗದ ಸಮಾಧಿಯ ಕಥೆಯನ್ನು ಓದಿದರೆ ಹೇಗಿರುತ್ತದೆ ಎಂಬ ಕುತೂಹಲವೇ ನನ್ನನ್ನು ಮುಖ್ಯವಾಗಿ ಎಳೆದೊಯ್ದದ್ದು.

ವಾಸ್ಕೋದಲ್ಲಿ ನಮ್ಮ ಕಾಕಾ ಇದ್ದಾರೆ. ಮುರಗಾಂವ ಬಂದರಿನಲ್ಲಿ ದುಡಿದು ನಿವೃತ್ತರಾದವರು, ಊರಿಗೆ ಮರಳುವ ಮಾತನ್ನು ಆಗಾಗ ಆಡುತ್ತಾರೆ, ಮರಳುವುದಿಲ್ಲ. ಹುಬ್ಬಳ್ಳಿಯಿಂದ ರೈಲು ಲೋಂಡಾ ದಾಟಿ ಕ್ಯಾಸಲ್ ರಾಕ್‌ನಲ್ಲಿ ಕರ್ನಾಟಕವನ್ನು ಬಿಟ್ಟು ಘಟ್ಟ ಇಳಿಯುತ್ತದೆ. ಏಪ್ರಿಲ್ ತಿಂಗಳಾದ್ದರಿಂದ ದೂಧಸಾಗರದಲ್ಲಿ ನೀರಿಗಿಂತ ಕಲ್ಲೇ ಹೆಚ್ಚು ಕಾಣಿಸಿತು. ಮನೆ ಸೇರಿದ ರಾತ್ರಿಯೇ ಕಾಕಾ, “ಹಳೆ ಗೋವಾಕ್ಕ ಹೋಗೂದಿದ್ರ ಗುರುವಾರ ಮುಂಜಾನೇನ ಹೋಗಿ ಬಾ, ಆಮ್ಯಾಲ ಅವರಿಗೆ ಆರಾಧನೆ ಭಾಳ ಇರ್ತಾವ,” ಎಂದರು.

ಬೊಮ್ ಜೀಸಸ್ ಬೆಸಿಲಿಕಾಕ್ಕೆ 1594ರಲ್ಲಿ ಅಡಿಗಲ್ಲು ಬಿದ್ದು, 1605ರಲ್ಲಿ ಪ್ರತಿಷ್ಠೆಯಾಯಿತು. ಅದರ ಸುಣ್ಣದ ಗಾರೆಯನ್ನು ಕಳೆದ ಶತಮಾನದ ನಡುವಿನಲ್ಲಿ ಕೆರೆದು ತೆಗೆದುದರಿಂದ ಕೆಂಪು ಜಂಬಿಟ್ಟಿಗೆ ಬಯಲಾಗಿ ನಿಂತಿದೆ. ಚಿತ್ರ ತೆಗೆಯುವವರಿಗೆ ಆ ಬಣ್ಣ ಪ್ರಿಯವಾದರೂ, ಗೋವೆಯ ಮಳೆಗೆ ಜಂಬಿಟ್ಟಿಗೆಯನ್ನು ಹೀಗೆ ಒಡ್ಡಿರುವುದು ಕಟ್ಟಡಕ್ಕೆ ಉಪಕಾರವಲ್ಲವೆಂದೇ ನನ್ನ ಎಣಿಕೆ. ಒಳಗೆ ಬಲಬದಿಯ ಚಾಪೆಲ್‌ನಲ್ಲಿ ಹದಿನಾರನೆಯ ಶತಮಾನದ ಜೆಸುಯಿಟ್ ಮಿಷನರಿ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವಿದೆ. ಕೆಳಗಿನ ಅಮೃತಶಿಲೆಯ ಪೀಠ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಳುಹಿಸಿದ ಕಾಣಿಕೆ, ಫ್ಲಾರೆನ್ಸಿನ ಶಿಲ್ಪಿ ಫೊಜ್ಜಿನಿಯ ಕೆಲಸ. ಅದನ್ನು ಇಲ್ಲಿ ಜೋಡಿಸಿ ನಿಲ್ಲಿಸಿದ್ದು 1698ರಲ್ಲಿ. ಮೇಲಿನ ಬೆಳ್ಳಿಯ ಪೆಟ್ಟಿಗೆ ಅದಕ್ಕಿಂತ ಹಳೆಯದು, 1636–37ರಲ್ಲಿ ಗೋವೆಯ ಅಕ್ಕಸಾಲಿಗರೇ ಮಾಡಿದ್ದು. ಎರಡರಲ್ಲಿ ನನ್ನ ಕಣ್ಣು ನಿಂತದ್ದು ಈ ಊರಿನವರ ಕೈಗೆಲಸದ ಮೇಲೆ.

ಪೆಟ್ಟಿಗೆ ಬಹಳ ಎತ್ತರದಲ್ಲಿರುವುದರಿಂದ ಕೆಳಗೆ ನಿಂತವರಿಗೆ ದೇಹ ಕಾಣಿಸುವುದು ಅಷ್ಟಕ್ಕಷ್ಟೆ. ನನ್ನ ಮುಂದೆ ಬೆಳಗಾವಿ ಕಡೆಯ ಒಂದು ಕುಟುಂಬವಿತ್ತು. ಅವರ ಹುಡುಗ ಗಟ್ಟಿಯಾಗಿ, “ಅವ್ವಾ, ಹೆಣ ಎಲ್ಲೈತಿ?” ಎಂದು ಕೇಳಿದ. ತಾಯಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ಬಲ್ಲವರಿಗೆ ಆ ಪ್ರಶ್ನೆಯಲ್ಲಿ ಅಪಚಾರವೇನೂ ಕಾಣುವುದಿಲ್ಲ. ಪುನರುತ್ಥಾನದ ಬೆಳಗ್ಗೆ ಮಗ್ದಲದ ಮರಿಯಳು ಅಳುತ್ತ ನಿಂತು ಕೇಳಿದ್ದೂ ಇದನ್ನೇ. ಎದುರಿಗೆ ನಿಂತವನನ್ನು ತೋಟಗಾರನೆಂದು ಬಗೆದು, ನೀನು ಅವನನ್ನು ಎತ್ತಿಕೊಂಡು ಹೋಗಿದ್ದರೆ ಎಲ್ಲಿಟ್ಟೆ ಹೇಳು, ನಾನು ತೆಗೆದುಕೊಂಡು ಹೋಗುತ್ತೇನೆ ಎಂದು ಆಕೆ ಬೇಡುತ್ತಾಳೆ. ಒಬ್ಬ ಹೆಂಗಸು ಒಂಟಿಯಾಗಿ ಶವವನ್ನು ಹೊರುವುದು ಹೇಗೆಂಬ ಯೋಚನೆಯೂ ಅವಳಿಗೆ ಬಂದಿಲ್ಲ. ಪ್ರಭುವು ಅವಳನ್ನು ಗದರಿಸಲಿಲ್ಲ, ಹೆಸರು ಹಿಡಿದು ಕರೆದನು.

ಕ್ಸೇವಿಯರರು 1552ರ ಡಿಸೆಂಬರ್ 3ರಂದು ಚೀನದ ಕರಾವಳಿಗೆ ಹತ್ತಿರದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡಾಗ, ಮಾಂಸ ಬೇಗ ಕರಗಿ ಎಲುಬುಗಳನ್ನಾದರೂ ಒಯ್ಯಲು ಬರಲೆಂದು ಶವದ ಸುತ್ತ ಸುಣ್ಣ ಸುರಿದು ಹೂಳಿದ್ದರಂತೆ. ತಿಂಗಳುಗಳ ನಂತರ ಅಗೆದಾಗ ದೇಹ ಕೆಟ್ಟಿರಲಿಲ್ಲ ಎಂಬುದು ಪರಂಪರೆಯ ಹೇಳಿಕೆ. ಮಲಕ್ಕಾದ ಮಾರ್ಗವಾಗಿ 1554ರಲ್ಲಿ ಅದನ್ನು ಗೋವೆಗೆ ತಂದರು. 1614ರಲ್ಲಿ ಬಲಗೈಯ ಮುಂಭಾಗವನ್ನು ಕತ್ತರಿಸಿ ರೋಮಿಗೆ ಕಳುಹಿಸಿದರು. ಇದೇ ಸಂತರು 1546ರಲ್ಲಿ ಪೋರ್ಚುಗಲ್ಲಿನ ಅರಸನಿಗೆ ಪತ್ರ ಬರೆದು ಗೋವೆಗೆ ಇನ್‌ಕ್ವಿಜಿಷನ್, ಎಂದರೆ ಮತಭ್ರಷ್ಟರನ್ನು ವಿಚಾರಿಸಿ ದಂಡಿಸುವ ಧರ್ಮನ್ಯಾಯಾಲಯ, ಬೇಕೆಂದು ಕೇಳಿದವರು ಎಂಬುದನ್ನು ನಾನು ಅಲ್ಲಿ ನಿಂತಾಗಲೂ ಮರೆಯಲಾರೆ. ಬೆಳ್ಳಿಯ ಮೇಲೆ ಕೆತ್ತಿದ ಅವರ ಜೀವನದ ದೃಶ್ಯಗಳನ್ನು ನೋಡುತ್ತ ನಾನು ನೆನೆಯುತ್ತಿದ್ದುದು ಸುವಾರ್ತೆಗಳನ್ನು. ಅರಿಮಥಾಯದ ಯೋಸೇಫನು ಪಿಲಾತನ ಬಳಿಗೆ ಹೋಗಿ ಯೇಸುವಿನ ದೇಹವನ್ನು ಬೇಡಿಕೊಂಡ ಸಂಗತಿಯನ್ನು ನಾಲ್ಕು ಸುವಾರ್ತೆಗಳೂ ಬಿಡದೆ ಹೇಳುತ್ತವೆ. ಆ ದೇಹಕ್ಕೆಂದು ನಿಕೊದೇಮನೆಂಬವನು ತಂದ ಸುಗಂಧದ್ರವ್ಯಗಳಾದ ರಕ್ತಬೋಳ ಮತ್ತು ಅಗರು ಇಂದಿನ ಲೆಕ್ಕದಲ್ಲಿ 30 ಕಿಲೋಗೂ ಹೆಚ್ಚು. ಸತ್ತವನ ದೇಹಕ್ಕೆ ಇಷ್ಟು ಆದರವನ್ನು ತೋರಿದವರನ್ನು ಸತ್ಯವೇದ ಎಲ್ಲಿಯೂ ಹಳಿದಿಲ್ಲ. ನಮ್ಮ ಪ್ರಸಂಗಪೀಠಗಳಿಂದ ಮಾತ್ರ ಈ ಭಾಗವನ್ನು ಒಂದೇ ಉಸಿರಿನಲ್ಲಿ ದಾಟಿಬಿಡುತ್ತೇವೆ.

ಅಂದು ಸಂಜೆ ವಾಸ್ಕೋದ ಚರ್ಚೊಂದರಲ್ಲಿ ಕೊಂಕಣಿಯ ಪೂಜೆಗೆ ಹೋದೆ. ಗುರುಗಳು ಹನ್ನೆರಡು ಜನರ ಕಾಲು ತೊಳೆದರು, ಕೊನೆಯಲ್ಲಿ ಪೀಠದ ಬಟ್ಟೆಗಳನ್ನೆಲ್ಲ ತೆಗೆದು ಬರಿದು ಮಾಡಿದರು.

ಶುಭ ಶುಕ್ರವಾರ ನಮ್ಮ ಊರಿನಲ್ಲಿ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಮೇಲೆ ಪ್ರಸಂಗಗಳು ನಡೆಯುತ್ತವೆ. “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ” ಎಂಬ ನಾಲ್ಕನೆಯ ಮಾತಿಗೆ ಬಂದ ಕೂಡಲೇ, ಇದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು, ಆ ಕೀರ್ತನೆ ಸ್ತೋತ್ರದಲ್ಲಿ ಮುಗಿಯುತ್ತದೆ ಎಂದು ಪ್ರಸಂಗಿಗಳು ಸಮಾಧಾನ ಹೇಳಿ ಮುಂದೆ ಹೋಗುವುದನ್ನು ಬಾಲ್ಯದಿಂದ ಕೇಳಿದ್ದೇನೆ. ಅದು ನಿಜ, ಆದರೆ ಶುಕ್ರವಾರದ ಮಧ್ಯಾಹ್ನ ಅಷ್ಟು ಅವಸರವೇಕೆ? ಸಾಲ್ಸೆಟ್ ತಾಲೂಕಿನ ಹಳ್ಳಿಯೊಂದರಲ್ಲಿ ಅಂದು ನಾನು ಕಂಡದ್ದರಲ್ಲಿ ಅವಸರವೆಂಬುದೇ ಇರಲಿಲ್ಲ. ಯೋಹಾನನ ಹದಿನೆಂಟು ಮತ್ತು ಹತ್ತೊಂಬತ್ತನೆಯ ಅಧ್ಯಾಯಗಳನ್ನು ಪೂರ್ತಿಯಾಗಿ ಓದಿದರು. ಬಳಿಕ ಭುಜಗಳು ಮಡಚುವಂತೆ ಮಾಡಿದ ಮರದ ಕ್ರಿಸ್ತನನ್ನು ಶಿಲುಬೆಯಿಂದ ಬಿಡಿಸಿ, ತೋಳುಗಳನ್ನು ಬದಿಗೆ ಇಳಿಸಿ, ಚಟ್ಟದ ಮೇಲೆ ಮಲಗಿಸಿದರು. ಘಂಟೆಗಳು ಮೌನವಾಗಿದ್ದುದರಿಂದ ಮೆರವಣಿಗೆಯ ಮುಂದೆ ಮರದ ಹಲಗೆಯ ಕಟಕಟ ಸದ್ದು ಮಾತ್ರ ಕೇಳುತ್ತಿತ್ತು. ಹಿಂದೆ ಕಪ್ಪು ಉಡುಗೆಯ ತಾಯಿ ಮರಿಯಳ ಪ್ರತಿಮೆ, ಅದರ ಹಿಂದೆ ಹಾಡುವವರು. ಊರಿನ ಸಾವಿಗೆ ಊರೇ ನಡೆದುಹೋಗುವ ಹಾಗೆ ಜನ ನಡೆದರು. ಕೊನೆಗೆ ಪ್ರತಿಮೆಯ ಪಾದಕ್ಕೆ ಮುತ್ತಿಡಲು ಸಾಲುಗಟ್ಟಿದಾಗ ನಾನೂ ನಿಂತೆ. ಮುತ್ತಿಡಲಿಲ್ಲ, ತಲೆ ಬಾಗಿಸಿ ಮುಂದೆ ಸರಿದೆ. ನನ್ನ ಹಿಂದಿದ್ದ ಅಜ್ಜ ಬಗ್ಗಲಾಗದೆ ಬೆರಳಿನಿಂದ ಪಾದವನ್ನು ಮುಟ್ಟಿ ಆ ಬೆರಳನ್ನು ತುಟಿಗೆ ಒತ್ತಿಕೊಂಡರು.

ಶನಿವಾರ ರಾತ್ರಿಯ ಜಾಗರಣೆಯಲ್ಲಿ ಹೊಸ ಬೆಂಕಿ, 2025 ಎಂದು ಅಂಕಿ ಕೊರೆದ ದೊಡ್ಡ ಮೇಣದ ಬತ್ತಿ, ಆದಿಕಾಂಡದಿಂದ ಮೊದಲಾಗಿ ಕೆಂಪು ಸಮುದ್ರ ದಾಟಿದ ಕಥೆಯವರೆಗೂ ಮುಂದೆಯೂ ಸಾಗುವ ವಾಚನಗಳು. ಇವನ್ನು ಬಲ್ಲವರು ಬಹಳ ಮಂದಿ ಬರೆದಿದ್ದಾರೆ.

ಈಸ್ಟರ್ ಬೆಳಗ್ಗೆ ಕಾಕಾನವರ ಕನ್ನಡ ಸಭೆಗೆ ಹೋದೆವು. ಬಾಡಿಗೆಯ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದರಿನ ಮತ್ತು ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿಯೇ ಉಳಿದ ಮನೆತನಗಳು. “ಕರ್ತನು ಎದ್ದಿದ್ದಾನೆ” ಎಂದು ಸಭಾಪಾಲಕರು ಹೇಳಿದರೆ “ನಿಜವಾಗಿ ಎದ್ದಿದ್ದಾನೆ” ಎಂಬ ಉತ್ತರ ಗೋಡೆ ನಡುಗುವಂತೆ ಬಂತು. ಅವರು ಓದಿದ್ದು ಮಾರ್ಕನ ಹದಿನಾರನೆಯ ಅಧ್ಯಾಯದ ಮೊದಲ ಎಂಟು ವಚನಗಳು. ನಾಲ್ಕನೆಯ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಆ ಸುವಾರ್ತೆ ಅಲ್ಲಿಗೇ ನಿಲ್ಲುತ್ತದೆ: ಹೆಂಗಸರು ನಡುಗುತ್ತ ಓಡಿಹೋದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಸಭಾಪಾಲಕರು ಆ ಭಯವನ್ನು ಬಿಟ್ಟು, ದಾರಿಯಲ್ಲಿ ಅವರು ಆಡಿಕೊಂಡ ಮಾತನ್ನು ಹಿಡಿದರು: ಸಮಾಧಿಯ ಬಾಗಿಲಿನ ಕಲ್ಲನ್ನು ನಮಗಾಗಿ ಯಾರು ಉರುಳಿಸುವರು? ಭಾರ ಎತ್ತುವುದೇ ಕಸುಬಾದ ಆ ಜನ ತಲೆ ಎತ್ತಿ ಕುಳಿತರು. ಕಲ್ಲು ಸರಿಯುತ್ತದೆಂಬ ಭರವಸೆಯಿಲ್ಲದೆಯೂ ಆ ಹೆಂಗಸರು ಮನೆ ಬಿಟ್ಟು ಹೊರಟಿದ್ದರು, ಅದೂ ಒಂದು ದೇಹಕ್ಕೆ ಸುಗಂಧದ್ರವ್ಯ ಹಚ್ಚುವುದಕ್ಕಾಗಿ, ಎಂದು ಅವರು ಹೇಳಿದ ಮಾತು ನನಗೆ ಅಂದಿನ ಎಲ್ಲ ಹಾಡುಗಳಿಗಿಂತ ಹೆಚ್ಚು ತಟ್ಟಿತು.

ಖಾಲಿ ಸಮಾಧಿಯ ಸುದ್ದಿ ದೇಹವನ್ನು ಕೈಬಿಟ್ಟ ಸುದ್ದಿಯಲ್ಲ. ಎದ್ದುಬಂದ ಕ್ರಿಸ್ತನು ಗಾಯಗಳಿರುವ ಕೈಕಾಲುಗಳನ್ನು ತೋರಿಸಿದನು, ಭೂತವೆಂದು ಹೆದರಿದ ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡನ್ನು ತೆಗೆದುಕೊಂಡು ತಿಂದನು ಎಂದು ಲೂಕನು ಬರೆಯುತ್ತಾನೆ. ಅಪೊಸ್ತಲರ ನಂಬಿಕೆಯ ಪ್ರಮಾಣದಲ್ಲಿ ದೇಹದ ಪುನರುತ್ಥಾನವನ್ನು ನಂಬುತ್ತೇವೆಂದು ನಾವು ಬಾಯಿಪಾಠವಾಗಿ ಹೇಳುವ ಸಾಲನ್ನೇ ಹಳೆ ಗೋವೆಯವರು ಬೆಳ್ಳಿಯ ಪೆಟ್ಟಿಗೆಯಲ್ಲಿ ಇಟ್ಟು ಕಾಯುತ್ತಿದ್ದಾರೆ ಎಂದು ನಾನು ಈಗ ಓದಿಕೊಳ್ಳುತ್ತೇನೆ. ಆ ಪೆಟ್ಟಿಗೆಗೆ ನಾನು ಮೊಣಕಾಲೂರಲಾರೆ. ಅದರ ಮುಂದೆ ಊರಿದವರ ವಿಶ್ವಾಸವನ್ನು ನಮ್ಮ ಬರಿಯ ಶಿಲುಬೆಯ ಆಚೆಗೆ ತಳ್ಳಲೂ ಆರೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ದರ್ಶನದ ಮಾತು ಬಂತು. ಹತ್ತು ವರ್ಷಕ್ಕೊಮ್ಮೆ ಸಂತರ ದೇಹವನ್ನು ಬೆಸಿಲಿಕಾದಿಂದ ಇಳಿಸಿ ಸೇ ಕೆಥೆಡ್ರಲ್‌ನಲ್ಲಿ ಜನರಿಗೆ ಹತ್ತಿರದಿಂದ ತೋರಿಸುತ್ತಾರೆ. 2024ರ ನವೆಂಬರಿನಲ್ಲಿ ಆರಂಭವಾದದ್ದು ಜನವರಿ 5ರಂದು ಮುಗಿದಿತ್ತು. ಕಾಕಾ ಬಂದರಿನ ಹಳೆಯ ಜೊತೆಗಾರರೊಂದಿಗೆ ಹೋಗಿ ಸರತಿಯಲ್ಲಿ ನಿಂತು ಬಂದಿದ್ದರಂತೆ, ಊರಿನ ಸಭೆಯವರಿಗೆ ಹೇಳಿರಲಿಲ್ಲ. ಮುಂದಿನದು 2034ಕ್ಕೆ ಎಂದು ಲೆಕ್ಕ ಹಾಕಿ, “ಅಷ್ಟೊತ್ತಿಗೆ ನಾ ಇದ್ದರ ಇಬ್ಬರೂ ಕೂಡೇ ಹೋಗೂಣು. ಇಲ್ಲಂದ್ರ ಪುನರುತ್ಥಾನದಾಗ ಭೇಟಿ,” ಎಂದರು. ಕಾಕೂ, “ಹಬ್ಬದ ದಿನಾ ಎಂಥಾ ಮಾತು,” ಎಂದು ಗದರಿಸಿ ಅವರ ತಟ್ಟೆಗೆ ಹುರಿದ ಇಸ್ವಣ ಮೀನಿನ ಇನ್ನೊಂದು ತುಂಡು ಹಾಕಿದರು.